ಕನ್ನಡದ ಲಿಂಕ್ ಮಲೆನಾಡಿನ ನೆಟ್‌ವರ್ಕ್‌ಗೆ ಭಾರವೇ?

ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: 'ವೆಬ್ ವಿಳಾಸದಲ್ಲಿ ಕನ್ನಡ ಅಕ್ಷರ ಇದ್ದರೆ ಮಲೆನಾಡಿನ ನೆಟ್‌ವರ್ಕ್‌ನಲ್ಲಿ ಲಿಂಕ್ ತೆರೆಯಲ್ಲ, 404 ಬರುತ್ತೆ.' ಉದಾಹರಣೆಗೆ ಅಂತ ಕೊಟ್ಟಿರುವುದು ನನ್ನದೇ ಆಗುಂಬೆ ಮಳೆ ಲೇಖನದ ಲಿಂಕ್. ಹಾಗಾಗಿ ಈ ಸ್ಪಷ್ಟನೆ.

ಮೆಸೇಜ್ ತಪ್ಪು. ನೆಟ್‌ವರ್ಕ್ ಇಲ್ಲದಿದ್ದರೆ 404 ಬರುವುದೇ ಇಲ್ಲ. ಸರ್ವರ್ (ಸೈಟ್ ಇಟ್ಟಿರುವ ಕಂಪ್ಯೂಟರ್) ಸಿಕ್ಕಿ, 'ಈ ವಿಳಾಸದಲ್ಲಿ ಏನೂ ಇಲ್ಲ' ಅಂತ ಅದು ಹೇಳುವ ಉತ್ತರವೇ 404. ಮಳೆಗಾಲದಲ್ಲಿ ನಮ್ಮ ಟವರ್‌ಗಳನ್ನು ಬೈಯಲು ಬೇರೆ ಕಾರಣ ಬೇಕಾದಷ್ಟಿವೆ, ಇದೊಂದು ಬೇಡ!

ತಪ್ಪು ನನ್ನದು. ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ನಡೆಯುವ ನನ್ನ ಸೈಟನ್ನು ಬೇರೆ ಸರ್ವರ್‌ಗೆ ಸಾಗಿಸುವಾಗ, ವಿಳಾಸದ ನಿಯಮಗಳಿರುವ ಎಚ್‌ಟಿಆಕ್ಸೆಸ್ ಫೈಲ್ ಬಿಟ್ಟುಹೋಗಿತ್ತು. ಮುಖಪುಟ ಸರಿಯಾಗಿ ತೆರೆಯುತ್ತಿತ್ತು, ಒಳಗಿನ ಪುಟಗಳೆಲ್ಲ 404. ಇಂಗ್ಲಿಷ್ ವಿಳಾಸದವೂ ಅಷ್ಟೇ, ಅದನ್ನು ಯಾರೂ ನೋಡಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್ ಎಂಬ ವಿಳಾಸಗಳ ವಿಭಾಗ ತೆರೆದು, ಏನನ್ನೂ ಬದಲಿಸದೆ ಸುಮ್ನೆ ಸೇವ್ ಒತ್ತಿದೆ. ಫೈಲ್ ಮತ್ತೆ ಬಂತು, ಲಿಂಕ್‌ಗಳೂ ಬಂದವು.

ಕನ್ನಡ ವಿಳಾಸ ಉದ್ದ ಆಗುವುದು ಮಾತ್ರ ನಿಜ. ಕಾಪಿ ಮಾಡಿದಾಗ 'ಆಗುಂಬೆ' ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳ ಸರಮಾಲೆಯಾಗುತ್ತದೆ. ಆ, ಗ, ಕೊಂಬು, ಸೊನ್ನೆ, ಬ, ಎತ್ವ ಈ ಆರಕ್ಕೂ ತಲಾ 9 ಚಿಹ್ನೆ, ಒಟ್ಟು 54. ಅರ್ಧ ಕಾಪಿ ಮಾಡಿದರೆ ಲಿಂಕ್ ಕೆಡುತ್ತದೆ, ಅಷ್ಟೇ. ಆಗುಂಬೆ ಲೇಖನ ಈಗ ಹಳೇ ಲಿಂಕ್‌ನಲ್ಲೇ ತೆರೆಯುತ್ತದೆ.