ಸ್ಪಷ್ಟನೆ: ಟ್ರಿನಿಡಾಡ್‌ನ ಕುರ್ಮಾ ಸಿಹಿ ತಿಂಡಿ

ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನವರು ದೀಪಾವಳಿಗೆ ಚಪಾತಿ ಜತೆಯ ತರಕಾರಿ ಕುರ್ಮಾಕ್ಕೇ ಸಕ್ಕರೆ ಸುರಿದು ತಿನ್ನುತ್ತಾರೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಹೆಸರು ಒಂದೇ, ತಿನಿಸು ಬೇರೆ.

ಅಲ್ಲಿನ ಕುರ್ಮಾ ಕರಿದ ಮೈದಾ ಕಡ್ಡಿ. ನಮ್ಮ ಶಂಕರಪೋಳಿಯ ಹತ್ತಿರದ ನೆಂಟ ಅನ್ನಬಹುದು. 1845ರ ಮೇ 30ರಂದು ಫತೇಲ್ ರಜಾಕ್ ಹಡಗು ಕಲ್ಕತ್ತೆಯಿಂದ ಮೊದಲ ಕರಾರು ಕೂಲಿಗಳನ್ನು, ಅಂದರೆ ಇಷ್ಟು ವರ್ಷ ದುಡಿಯುತ್ತೇವೆಂದು ಒಪ್ಪಂದ ಮಾಡಿಕೊಂಡ ಭಾರತೀಯರನ್ನು, ಅಲ್ಲಿಗೆ ತಂದಿತು. ಮುಂದೆ ಬಂದವರಲ್ಲಿ ಹೆಚ್ಚಿನವರು ಭೋಜಪುರಿ ಸೀಮೆಯವರು, ಅಂದರೆ ಇಂದಿನ ಪಶ್ಚಿಮ ಬಿಹಾರ, ಪೂರ್ವ ಉತ್ತರ ಪ್ರದೇಶದ ಕಡೆಯವರು. ಬಿಹಾರದಲ್ಲಿ ಇಂದಿಗೂ ಖುರ್ಮಾ ಎಂಬ ಸಿಹಿಯಿದೆ. ಕಬ್ಬಿನ ಗದ್ದೆಯಲ್ಲಿ ಬೆವರು ಸುರಿಸಿದವರು ಜೋಪಾನ ಮಾಡಿದ ರುಚಿಯನ್ನು ಹೀಗೆ ತಮಾಷೆ ಮಾಡುವುದು ಸರಿಯಲ್ಲ.

ಮನೆಯಲ್ಲೂ ಮಾಡಬಹುದು. 2 ಲೋಟ ಮೈದಾಕ್ಕೆ 3 ಚಮಚ ಬೆಣ್ಣೆ ತಿಕ್ಕಿ, ತುರಿದ ಶುಂಠಿ, ಚಿಟಿಕೆ ಏಲಕ್ಕಿ ಸೇರಿಸಿ, ಹಾಲಿನಲ್ಲಿ ಗಟ್ಟಿಯಾಗಿ ಕಲಸಿ. ಲಟ್ಟಿಸಿ, ಬೆರಳುದ್ದ ಕತ್ತರಿಸಿ, ಸಣ್ಣ ಉರಿಯಲ್ಲಿ ಕರಿಯಿರಿ. 1 ಲೋಟ ಸಕ್ಕರೆಗೆ ಅರ್ಧ ಲೋಟ ನೀರು ಹಾಕಿ ಎಳೆ ಪಾಕ ಬರಿಸಿ, ಕಡ್ಡಿಗಳ ಮೇಲೆ ಸುರಿದು ಕೈಬಿಡದೆ ಮಗುಚಿ. ಮೊದಲು ಅಂಟಂಟು, ಆರುತ್ತ ಆರುತ್ತ ಪ್ರತಿ ಕಡ್ಡಿಯ ಮೇಲೂ ಸಕ್ಕರೆ ಬೆಳ್ಳಗೆ ಒಣಗಿ ಕೂರುತ್ತದೆ.