ಸೆಂಡಾಫಿನ ಗಡಿಯಾರ

ಮಾರ್ಚ್ ಬಂತೆಂದರೆ ಏಳನೇ ತರಗತಿಯಲ್ಲಿ ಒಂದೇ ಚರ್ಚೆ: ಸೆಂಡಾಫಿಗೆ, ಅಂದರೆ ಬೀಳ್ಕೊಡುಗೆಯ ದಿನ, ಸಾಲಿಗೆ (ಶಾಲೆಗೆ) ಏನು ಕೊಡೋಣ? ಒಬ್ಬ ಫ್ಯಾನ್ ಅನ್ನುತ್ತಾನೆ, ಒಬ್ಬಳು ಸರಸ್ವತಿ ಫೋಟೋ ಅನ್ನುತ್ತಾಳೆ. ಹಿಂದಿನ ಬೆಂಚಿನವನೊಬ್ಬ ‘ವಾಲಿಬಾಲ್ ನೆಟ್ ಕೊಡೂಣ್ರೀ ಸರ’ ಅನ್ನುತ್ತಾನೆ. ಎಲ್ಲರಿಗಿಂತ ಶಾಣ್ಯಾ ಅವನೇ, ಆದರೆ ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೂರು ದಿನ ಜಗಳಾಡಿ ಕೊನೆಗೆ ಎಲ್ಲರೂ ಒಪ್ಪುವುದು ಗಡಿಯಾರಕ್ಕೆ. ಹೋದ ವರ್ಷವೂ ಹೀಗೇ ಒಪ್ಪಿದ್ದರು, ಅದರ ಹಿಂದಿನ ವರ್ಷವೂ.

ಹುಬ್ಬಳ್ಳಿ ಕಡೆಯ ಹಿರಿಯ ಪ್ರಾಥಮಿಕ ಶಾಲೆಯ ಆಫೀಸ್ ರೂಮಿಗೆ ಹೊಕ್ಕು ಒಮ್ಮೆ ಕತ್ತೆತ್ತಿ ನೋಡಿ. ಸಾಲಾಗಿ ಆರು ಗಡಿಯಾರ, ಆರು ಹೊತ್ತು. ಪ್ರತಿಯೊಂದರ ಹೊಟ್ಟೆಯ ಮೇಲೂ ಇಂಥ ವರ್ಷದ ಏಳನೇ ತರಗತಿ ವಿದ್ಯಾರ್ಥಿಗಳ ಕಾಣಿಕೆ ಎಂಬ ಕೆಂಪು ಅಕ್ಷರ. ನಡೆಯುವುದು ಒಂದೋ ಎರಡೋ. ಹೊತ್ತೆಷ್ಟಾಯಿತೆಂದು ಕೇಳಿದರೆ ಹೆಡ್‌ಮಾಸ್ತರು ಕಿಸೆಯಿಂದ ಮೊಬೈಲ್ ತೆಗೆಯುತ್ತಾರೆ.

ಬಿಟ್ಟು ಹೋಗುವವರು ಹೊತ್ತು ತೋರಿಸುವ ಸಾಮಾನನ್ನೇ ಯಾಕೆ ಕೊಟ್ಟು ಹೋಗುತ್ತಾರೆ? ಇದರೊಳಗೆ ಏನೋ ದೊಡ್ಡ ಅರ್ಥವಿದೆ, ಅದನ್ನು ಹೇಳಲೆಂದೇ ಈ ಬರಹ. ಅದಕ್ಕೂ ಮೊದಲು ಸೆಲ್ಲಿನ ವಿಷಯ.

ಗೋಡೆ ಗಡಿಯಾರಕ್ಕೆ ಬೇಕಾದದ್ದು ಒಂದೇ ಒಂದು ಪೆನ್ಸಿಲ್ ಸೆಲ್, ಒಂದೂವರೆ ವೋಲ್ಟಿನದು. ಒಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಬಂದರೆ ಸರಿಯಾಗಿ ಒಂದು ಉಳಿಯುತ್ತದೆ. ಆ ಒಂದಕ್ಕೆ ಮುಳ್ಳು ಒಂದು ಹೆಜ್ಜೆ ಇಡುತ್ತದೆ. ಏಳನೆಯವರಿಗೆ ಘಾತಾಂಕ ಕಲಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೆ? ಗೋಡೆಯ ಮೇಲೇ ತೂಗುತ್ತಿದೆ, ಯಾರೂ ಕಲಿಸುವುದಿಲ್ಲ. ಇರಲಿ. ಒಂದು ಸೆಲ್ಲು ಹೆಚ್ಚುಕಡಿಮೆ ವರ್ಷ ಬಾಳುತ್ತದೆ. ಮಾರ್ಚಿನಲ್ಲಿ ಹಾಕಿದ್ದು ಮುಂದಿನ ಮಾರ್ಚಿಗೆ ಉಸಿರು ಬಿಡುತ್ತದೆ, ಅಂದರೆ ಸರಿಯಾಗಿ ಮುಂದಿನ ತಂಡ ಪಟ್ಟಿ (ವಂತಿಗೆ) ಎತ್ತಲು ಕುಳಿತ ಹೊತ್ತಿಗೆ. ತಲೆಗೆ 30 ರೂಪಾಯಿಯಂತೆ 36 ಮಕ್ಕಳದು 1,080 ಆಗುತ್ತದೆ. ಅದರಲ್ಲಿ ಹಳೆಯ ಆರಕ್ಕೂ ಸೆಲ್ಲು ತಂದರೆ ಮುಕ್ಕಾಲುಪಾಲು ದುಡ್ಡು ಉಳಿದು, ವಾಲಿಬಾಲ್ ನೆಟ್ಟೂ ಬಂದೀತು. ಆದರೆ ಸೆಲ್ಲಿನ ಮೇಲೆ ಹೆಸರು ಬರೆಸಲು ಬರುವುದಿಲ್ಲವಲ್ಲ!

ಸಾಯುವ ಗಡಿಯಾರವನ್ನು ಸುಮ್ಮನೆ ನಿಂತು ನೋಡಬೇಕು. ಸೆಕೆಂಡಿನ ಮುಳ್ಳು ಹನ್ನೆರಡರಿಂದ ಆರರವರೆಗೆ ಇಳಿಜಾರಿನಲ್ಲಿ ಸಲೀಸಾಗಿ ಬರುತ್ತದೆ. ಆರು ದಾಟಿದ ಮೇಲೆ ಏರು. ಒಂಬತ್ತರ ಹತ್ತಿರ ಬಂದಾಗ ಮುಳ್ಳು ಅಡ್ಡಡ್ಡ ಚಾಚಿಕೊಂಡಿರುತ್ತದೆ, ಆಗಲೇ ಅದರ ಭಾರ ಎಲ್ಲಕ್ಕಿಂತ ಹೆಚ್ಚು. ತುಂಬಿದ ಕೊಡವನ್ನು ಕೈ ಚಾಚಿ ಹಿಡಿದರೆ ರಟ್ಟೆಗೆ ಗೊತ್ತಾಗುತ್ತದೆ. ಸೆಲ್ಲಿನಲ್ಲಿ ಅಷ್ಟು ಕಸುವಿಲ್ಲ. ಮುಳ್ಳು ಅಲ್ಲೇ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಎಂದು ಮಿಡಿಯುತ್ತ ದಿನಗಟ್ಟಲೆ ಇರುತ್ತದೆ. ಆಗಲೇ ಬದಲಿಸಿದರೆ ಆಯಿತು. ಬದಲಿಸಲು ಮೇಜು, ಮೇಜಿನ ಮೇಲೆ ಸ್ಟೂಲು, ಸ್ಟೂಲು ಹಿಡಿಯಲು ಇಬ್ಬರು ಬೇಕು. ‘ನಾಳೆ ಮಾಡಿದ್ರಾತು’ ಅನ್ನುವಷ್ಟರಲ್ಲಿ ಏಪ್ರಿಲ್ ಹತ್ತು, ಫಲಿತಾಂಶ, ರಜೆ. ಸತ್ತ ಸೆಲ್ಲು ಬೇಸಿಗೆಯಿಡೀ ಒಳಗೇ ಸೋರಿ ಸ್ಪ್ರಿಂಗಿಗೆ ಬಿಳಿ-ಹಸಿರು ಕಿಲುಬು ಹಿಡಿಯುತ್ತದೆ. ಆಮೇಲೆ ಹೊಸ ಸೆಲ್ಲು ಹಾಕಿದರೂ ನಡೆಯದು. ಗಡಿಯಾರವೇ ಕೆಟ್ಟಿದೆ ಎಂದು ತೀರ್ಮಾನ. ಸ್ಪ್ರಿಂಗನ್ನು ಪಾಲಿಶ್ ಪೇಪರಿನಿಂದ ತುಸು ಉಜ್ಜಿದರೆ ಎಷ್ಟೋ ಗಡಿಯಾರ ಎದ್ದು ನಡೆಯುತ್ತವೆ.

ಆ ದೊಡ್ಡ ಅರ್ಥಕ್ಕೆ ಬರೋಣ. ಒಂದು ಕಾಲಕ್ಕೆ, ಈ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗ, ಏಳನೆಯದೇ ದೊಡ್ಡ ಗಡಿ. ಆ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವನು ತಾನೇ ಮಾಸ್ತರನಾಗಬಹುದಿತ್ತು. ಈಗ ಆ ಗತ್ತು ಯುಕೆಜಿಗೆ ಇಳಿದಿದೆ. ಏಪ್ರಿಲ್ ಬಿಸಿಲಿನಲ್ಲಿ ಆರು ವರ್ಷದ ಕೂಸಿಗೆ ಕರಿ ಗೌನು, ತಲೆಗೆ ಚೌಕ ಟೊಪ್ಪಿಗೆ, ಕೈಗೆ ಸುರುಳಿ ಸುತ್ತಿದ ಖಾಲಿ ಹಾಳೆ. ಕೂಸು ಬೆವರಿ ಅಳುತ್ತದೆ, ಫೋಟೋದಲ್ಲಿ ಅದನ್ನು ಭಾವುಕ ಕ್ಷಣ ಎನ್ನುತ್ತಾರೆ. ಇದಕ್ಕೆ ಹೋಲಿಸಿದರೆ ನಮ್ಮ ಸರ್ಕಾರಿ ಸಾಲಿಯ ಸೆಂಡಾಫೇ ವಾಸಿ. ಬೀಳ್ಕೊಡುಗೆ ಯಾರದೋ ಅವರೇ ಬೆಂಚು ಹೊರುತ್ತಾರೆ, ಅಂಗಳಕ್ಕೆ ನೀರು ಹೊಡೆಯುತ್ತಾರೆ, ಕಡೆಗೆ ಅಳುವುದೂ ಅವರೇ. ಆದರೆ ಆ ಅಳು ಖರೇ ಅಳು.

ತಿನಿಸಿನ ಮಾತೂ ಬಂದೇಬಿಡಲಿ. ಗಿರ್ಮಿಟ್ ಮಾಡುವುದಾದರೆ 40 ಮಕ್ಕಳಿಗೆ ಒಂದು ಕಿಲೋ ಚುರುಮುರಿ ಸಾಕು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಹುಣಸೆರಸ, ಬೆಲ್ಲದ ಒಗ್ಗರಣೆಯನ್ನು ಬೆಳಿಗ್ಗೆಯೇ ಮಾಡಿಟ್ಟುಕೊಳ್ಳಬಹುದು. ಚುರುಮುರಿ, ಪುಠಾಣಿ ಹಿಟ್ಟು ಕಲಸುವುದು ಮಾತ್ರ ವಂದನಾರ್ಪಣೆ ಶುರುವಾದ ಮೇಲೆಯೇ. ಅತಿಥಿಗಳು ‘ಎರಡೇ ಮಾತು’ ಎಂದಾಗ ಕಲಸಿದವರು ಕೆಟ್ಟರು. ಎರಡು ಮಾತು ಮುಕ್ಕಾಲು ತಾಸಾಗಿ, ಗಿರ್ಮಿಟ್ಟು ಅಂಬಲಿಯಾಗುತ್ತದೆ. ಮಕ್ಕಳಿಗೆ ಶಿಸ್ತು ಹೇಳುವ ಈ ದೊಡ್ಡವರಿಗೆ ಕಾಣುವಂತೆ ಎದುರು ಗೋಡೆಗೊಂದು ನಡೆಯುವ ಗಡಿಯಾರ ಹಾಕಿದ್ದರೆ!

ಆಫೀಸ್ ರೂಮಿನ ಆ ಸಾಲಿನಲ್ಲಿ ಒಂದು ವರ್ಷದ ಗಡಿಯಾರ ಇರುವುದಿಲ್ಲ, 2019-20ರದು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಸಾಲಿ ಮುಚ್ಚಿದವು, ಏಳನೆಯವರು ಪರೀಕ್ಷೆ ಬರೆಯದೆ ಎಂಟಕ್ಕೆ ಹೋದರು. ಬೆಂಚು ಹೊರಲಿಲ್ಲ, ಅಳಲಿಲ್ಲ. ನಿಂತ ಗಡಿಯಾರಗಳನ್ನು ಬೈಯುವಾಗ ಅದೊಂದು ನೆನಪಾಗಿ ಬಾಯಿ ತುಸು ಕಟ್ಟುತ್ತದೆ.

ಇರಲಿ, ವೇದಿಕೆಯ ಮೇಲೆ ಈ ವರ್ಷದ ಕಾಣಿಕೆ ಬಿಚ್ಚುತ್ತಿದ್ದಾರೆ. ಮಧ್ಯಾಹ್ನ ಮೂರೂವರೆ. ಅಂಗಡಿಯವನು ಇಟ್ಟಂತೆಯೇ ಮುಳ್ಳುಗಳು ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಂತಿವೆ. ಅತಿಥಿಗಳು ಕಿವಿಗೆ ಹಿಡಿದು ನೋಡುತ್ತಾರೆ, ಹೆಡ್‌ಮಾಸ್ತರ ಕಡೆ ನೋಡುತ್ತಾರೆ. ‘ಸೆಲ್ ಬ್ಯಾರೆ ತರಬೇಕಂತ್ರೀ ಸರ’ ಎಂದು ಕೆಳಗಿನಿಂದ ಯಾರೋ ಕೂಗುತ್ತಾರೆ. ಆಫೀಸ್ ರೂಮಿನಲ್ಲಿ ವಾಲಿಬಾಲ್ ನೆಟ್ಟಿನ ಹುಡುಗ ಆಗಲೇ ಸ್ಟೂಲು ಹತ್ತಿದ್ದಾನೆ, ಹೋದ ವರ್ಷದ ಗಡಿಯಾರದ ಬೆನ್ನಿಗೆ ಕೈ ಹಾಕಿ.