ಚರ್ಚಿಲ್ ಶಾಲೆಯಲ್ಲಿ ಶತದಡ್ಡನಾಗಿದ್ದರೇ?

"ಚರ್ಚಿಲ್ ಶಾಲೆಯಲ್ಲಿ ಶತದಡ್ಡ, ನೆಟ್ಟಗೆ ಒಂದು ಸಾಲು ಬರೆಯಲೂ ಬರ್ತಿರಲಿಲ್ಲ, ಆದರೂ ಬ್ರಿಟನ್ನಿನ ಪ್ರಧಾನಿಯಾದ" ಎನ್ನುವ ಸಂದೇಶ ವಾಟ್ಸಾಪಿನಲ್ಲಿ ಆಗಾಗ ಬರುತ್ತದೆ. ಅರ್ಧ ಸತ್ಯ, ಅರ್ಧ ಸುಮ್ನೆ ಮಸಾಲೆ.

1887ರ ಒಂದು ಪತ್ರ ನೋಡಿ. ಆಗ ಅವರಿಗೆ 12 ವರ್ಷ, ಬ್ರೈಟನ್ನಿನ ವಸತಿ ಶಾಲೆಯಲ್ಲಿದ್ದರು. ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವ, ಜೊತೆಗೆ ಅಮೆರಿಕದ ಬಫಲೋ ಬಿಲ್‌ನ ಕೌಬಾಯ್ ಪ್ರದರ್ಶನ. ಹುಡುಗನನ್ನು ಅಲ್ಲಿಗೆ ಕಳಿಸಲು ಶಾಲೆಯ ಮಿಸ್ ಥಾಮ್ಸನ್‌ಗೆ ಮನಸ್ಸಿಲ್ಲ. ಹುಡುಗ ಅಮ್ಮನಿಗೆ ಬರೆದ. ಬರೀ ಗೋಗರೆಯಲಿಲ್ಲ, ಮಿಸ್‌ಗೆ ಅಮ್ಮ ಬರೆಯಬೇಕಾದ ಪತ್ರದ ಕರಡನ್ನೂ ತಾನೇ ತಯಾರಿಸಿ ಕೊಟ್ಟ! ಇಂಗ್ಲಿಷಿನ ಅಪಾಸ್ಟ್ರಫಿ ತಪ್ಪು ಜಾಗದಲ್ಲಿ ಬಿದ್ದಿದೆ, ನಿಜ. ಆದರೆ ಇದು ದಡ್ಡನ ಕೆಲಸವಲ್ಲ, ಅಲ್ವಾ?

ಲ್ಯಾಟಿನ್ ಅವರಿಗೆ ಹತ್ತಲಿಲ್ಲ. ಹ್ಯಾರೋ ಶಾಲೆಯಲ್ಲಿ ಕೆಳಗಿನ ತರಗತಿಗಳಲ್ಲೇ ಜಾಸ್ತಿ ಕಾಲ ಉಳಿದರು. ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನ ಪ್ರವೇಶ ಪರೀಕ್ಷೆ ಪಾಸಾಗಿದ್ದು ಮೂರನೇ ಸಲ, 1893ರಲ್ಲಿ. ಆದರೆ ಅದೇ ಹ್ಯಾರೋದಲ್ಲಿ ಮೆಕಾಲೆಯ ಪದ್ಯದ 1,200 ಸಾಲುಗಳನ್ನು ಬಾಯಿಪಾಠ ಒಪ್ಪಿಸಿ ಬಹುಮಾನ ಗೆದ್ದಿದ್ದರು.

ದಡ್ಡತನದ ಕಥೆಗೆ ಮೂಲ ಬಹುಮಟ್ಟಿಗೆ ಚರ್ಚಿಲ್ಲರೇ. ಲ್ಯಾಟಿನ್ ಪರೀಕ್ಷೆಯಲ್ಲಿ ಹೆಸರು ಬಿಟ್ಟರೆ ಏನೂ ಬರೆಯಲಾಗಲಿಲ್ಲ ಎಂದು ಆತ್ಮಕತೆಯಲ್ಲಿ ತಮ್ಮನ್ನೇ ಗೇಲಿ ಮಾಡಿಕೊಂಡಿದ್ದಾರೆ.